ರೈಲುದಾರಿ, ಹೆದ್ದಾರಿ ಮತ್ತು ನಡುವಣ ಊರುಗಳು



ಮದ್ದೂರು ವಡೆಯ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಆದರೆ ಅದು ರೈಲುಬಂಡಿಯ ಕೂಸೆಂಬುದನ್ನು ನೆನೆಯುವವರು ಕಡಮೆ. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ಉಪಾಹಾರಗೃಹವನ್ನು ನಡಸುತ್ತಿದ್ದ ರಾಮಚಂದ್ರ ಬುಧ್ಯರು, ಒಂದು ದಿನ ಬಂಡಿ ಬೇಗ ಬಂದುಬಿಟ್ಟುದರಿಂದ, ಪಕೋಡಕ್ಕೆ ಕಲಸಿದ್ದ ಹಿಟ್ಟನ್ನೇ ಅಗಲವಾಗಿ ತಟ್ಟಿ ಕರಿದು ಪ್ರಯಾಣಿಕರಿಗೆ ಕೊಟ್ಟರೆಂದು ಹೇಳುತ್ತಾರೆ. ಈ ಕಥೆಯಲ್ಲಿ ರುಚಿಯ ಜೊತೆಗೆ ಒಂದು ಅರ್ಥಶಾಸ್ತ್ರವೂ ಅಡಗಿದೆ. ಬಂಡಿ ನಿಂತಿತು, ಆದಕಾರಣ ಊರಿಗೊಂದು ಕಸುಬು ಹುಟ್ಟಿತು. ನಿಲ್ಲದೆ ಹೋಗುವ ವಾಹನ ಎಷ್ಟೇ ವೇಗವಾಗಿ ಹೋಗಲಿ, ಊರಿಗೆ ಬಿಟ್ಟುಹೋಗುವುದು ಧೂಳನ್ನು ಮಾತ್ರ. ಮುಂದಿನ ಕಾಲದಲ್ಲಿ ಊರಿಂದೂರಿಗೆ ನಮ್ಮ ಜನ ರೈಲಿನಲ್ಲಿ ಹೋಗಬೇಕೋ, ಬಸ್ಸುಮೋಟಾರುಗಳಲ್ಲಿ ಹೆದ್ದಾರಿ ಹಿಡಿಯಬೇಕೋ ಎಂಬ ಪ್ರಶ್ನೆಯನ್ನು ಈ ದೃಷ್ಟಿಯಿಂದ ತಮ್ಮ ಮುಂದೆ ಇಡಬಯಸುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಮೈಸೂರು ದೇಶ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ಹಸಿದ ಊರಿಗೆ ಧಾನ್ಯವನ್ನು ಸಾಗಿಸುವ ದಾರಿಯೇ ಇಲ್ಲವೆಂಬುದು ಆಗ ಮನವರಿಕೆಯಾಯಿತು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜಿನ ಕಂಬಿ ಮದ್ದೂರು ಮಂಡ್ಯಗಳ ಮೇಲೆ ಹಾದು 1881-82ರಲ್ಲಿ ಮೈಸೂರನ್ನು ಮುಟ್ಟಿದುದು ಈ ಪಾಠದ ಫಲ. ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಗಿ, 1939ರಲ್ಲಿ ಮಂಡ್ಯ ಜಿಲ್ಲಾ ಕೇಂದ್ರವಾದುದಕ್ಕೆ ನೀರಿನಷ್ಟೇ ಈ ಕಂಬಿಯೂ ನೆರವಾಯಿತು.

ರೈಲಿಗೂ ಮೋಟಾರಿಗೂ ಪೈಪೋಟಿ ಇಂದು ನಿನ್ನೆಯದಲ್ಲ. 1930ರ ದಶಕದಲ್ಲಿಯೇ ಬಸ್ಸುಗಳು ರೈಲಿನ ಆದಾಯವನ್ನು ಕಸಿಯುತ್ತಿವೆಯೆಂದು ಭಾರತದಲ್ಲೆಲ್ಲ ಕೂಗೆದ್ದಿತು. 1939ರ ಮೋಟಾರು ವಾಹನ ಕಾನೂನು ರಹದಾರಿಯ ಕಟ್ಟುಪಾಡನ್ನು ವಿಧಿಸಿದುದಕ್ಕೆ ಇದೂ ಒಂದು ಕಾರಣ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ರಸ್ತೆ ಸಾರಿಗೆ ಸಂಸ್ಥೆಯಾಯಿತು. ಮಳವಳ್ಳಿಯಂಥ ತಾಲ್ಲೂಕಿಗೆ ಹೊರಗಿನ ಜಗತ್ತು ಬಂದುದು ಈ ಬಸ್ಸಿನಲ್ಲಿಯೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಆ ತಾಲ್ಲೂಕಿನಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಓಡಿತು. ಆದರೆ ಮಳವಳ್ಳಿಗೆ ಇಂದಿಗೂ ರೈಲಿಲ್ಲ.

ಈಗಿನ ಸ್ಥಿತಿಯನ್ನು ನೋಡೋಣ. ಮೀಟರ್ ಗೇಜು ಬ್ರಾಡ್ ಗೇಜಾಯಿತು. ಒಂದು ಕಂಬಿದಾರಿ ಎರಡಾಯಿತು. ಅದಕ್ಕಾಗಿ 2017ರಲ್ಲಿ ಶ್ರೀರಂಗಪಟ್ಟಣದ ಟೀಪುವಿನ ಮದ್ದಿನಮನೆಯನ್ನು ಕೆಡವದೆ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ವಿದ್ಯುತ್ತಿನ ಎಂಜಿನ್ನುಗಳು ಬಂದುವು. 2022ರ ನವೆಂಬರಿನಲ್ಲಿ ಚೆನ್ನೈಗೂ ಮೈಸೂರಿಗೂ ನಡುವೆ ವಂದೇ ಭಾರತ್ ಬಂಡಿ ಓಡಲಾರಂಭಿಸಿತು. ಮದ್ದೂರಿನವರಿಗೆ ಅದರ ದರ್ಶನ ಲಭ್ಯ, ನಿಲುಗಡೆ ಅಲಭ್ಯ. 2023ರ ಮಾರ್ಚಿ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆ ನಡೆಯಿತು. ಉದ್ದ 118 ಕಿಲೋಮೀಟರು. ಖರ್ಚು ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು.

ಈ ಲಾಭವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಊರೊಳಗಿನ ಬೀದಿಗಳಿಂದ ಲಾರಿಗಳ ಹಾವಳಿ ತಗ್ಗಿತು. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವ ಗಾಡಿಗೆ ದಾರಿ ಸುಗಮವಾಯಿತು. ಆದರೆ ಹೆದ್ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯ ಬದಿಯ ಹೋಟಲುಗಳೂ ಅಂಗಡಿಗಳೂ ಗಿರಾಕಿಗಳನ್ನು ಕಳೆದುಕೊಂಡುವು. ಅಪಘಾತಗಳಲ್ಲಿ ಅನೇಕರು ಸತ್ತ ಮೇಲೆ, 2023ರ ಆಗಸ್ಟ್ 1ರಿಂದ ದ್ವಿಚಕ್ರವಾಹನ, ಆಟೋ, ಟ್ರಾಕ್ಟರುಗಳಿಗೆ ಮುಖ್ಯ ಹಾಸಿನ ಮೇಲೆ ಪ್ರವೇಶ ನಿಷಿದ್ಧವಾಯಿತು. ನಿಯಮ ಸಾಧುವೇ. ಆದರೆ ಕಬ್ಬು ಹೊರುವ ರೈತನಿಗೆ ಉಳಿದುದು ಪಕ್ಕದ ಸರ್ವಿಸ್ ರಸ್ತೆ. ಹೆದ್ದಾರಿಯನ್ನು ತೆರೆದಾಗ ಅದು ಎಲ್ಲ ಕಡೆಯೂ ಪೂರ್ತಿಯಾಗಿರಲಿಲ್ಲ.

ಹಾಗಾದರೆ ರೈಲೇ ಮೇಲೆಂದು ಸಾರಿಬಿಡೋಣವೆ? ಕೆಲವು ಗುಣಗಳಲ್ಲಿ ಅದು ಮೇಲೆಂಬುದು ದಿಟ. ಉಕ್ಕಿನ ಕಂಬಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ, ಟಾರು ರಸ್ತೆಯ ಮೇಲೆ ಉರುಳುವ ರಬ್ಬರಿನ ಗಾಲಿಗಿಂತ ತಡೆ ಬಹಳ ಕಡಮೆ. ಅಷ್ಟೇ ಭಾರವನ್ನು ಎಳೆಯಲು ಅಷ್ಟು ಕಡಮೆ ಶಕ್ತಿ ಸಾಕು. ಒಂದೊಂದು ಪೆಟ್ಟಿಗೆಗೆ 80 ಮಂದಿಯಂತೆ ಲೆಕ್ಕ ಹಿಡಿದರೆ 16 ಪೆಟ್ಟಿಗೆಯ ಬಂಡಿಯಲ್ಲಿ 1,280 ಜನ. ಅವರಿಗೆ ಇಪ್ಪತ್ತೈದಕ್ಕೂ ಹೆಚ್ಚು ಬಸ್ಸುಗಳು ಬೇಕು. ಆದರೆ ರೈಲಿಗೆ ಒಂದು ದೊಡ್ಡ ಕೊರತೆಯುಂಟು. ಅದು ಮನೆಬಾಗಿಲಿಗೆ ಬಾರದು; ಕಂಬಿ ಇದ್ದೆಡೆಗೆ ಮಾತ್ರ ಬಂದೀತು. ಬಸ್ಸಾದರೋ ಹಳ್ಳಿಯ ಅರಳಿಕಟ್ಟೆಯವರೆಗೂ ಹೋಗಬಲ್ಲದು. ಒಂದರ ಬಲ ಇನ್ನೊಂದರ ಕುಂದನ್ನು ತುಂಬುವಂತಿರುವಾಗ ಎರಡನ್ನೂ ಮಲ್ಲರಂತೆ ಅಖಾಡಕ್ಕೆ ಇಳಿಸುವುದು ಅವಿವೇಕ.

ಪರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ 1963ರ ಬೀಚಿಂಗ್ ವರದಿಯ ಮೇಲೆ ಸಾವಿರಾರು ಮೈಲಿ ಕವಲುದಾರಿಗಳನ್ನು ಮುಚ್ಚಿದರು. ಹಳ್ಳಿಗರು ಬಸ್ಸಿನಲ್ಲಿ ಬಂದು ಮುಖ್ಯ ನಿಲ್ದಾಣದಲ್ಲಿ ರೈಲು ಹತ್ತುವರೆಂಬುದು ಎಣಿಕೆ. ಎಷ್ಟೋ ಜನ ಹಾಗೆ ಮಾಡದೆ ಸ್ವಂತ ಕಾರನ್ನು ಕೊಂಡು ಪೂರ್ತಿ ದಾರಿಯನ್ನು ಅದರಲ್ಲಿಯೇ ಕ್ರಮಿಸಿದರು. ಬೇರನ್ನು ಕಡಿದರೆ ಬೊಡ್ಡೆಗೆ ನೀರೆಲ್ಲಿಯದು? ಜಪಾನಿನವರು ಹೆದ್ದಾರಿಗಳನ್ನು ಕಟ್ಟುತ್ತಿದ್ದ ಕಾಲದಲ್ಲಿಯೇ, 1964ರಲ್ಲಿ, ಟೋಕಿಯೋ ಒಸಾಕಾಗಳ ನಡುವೆ ಶೀಘ್ರ ರೈಲನ್ನು ಓಡಿಸಿದರು. ಅದಕ್ಕೆ ಬೇರೆಯೇ ಕಂಬಿ ಹಾಸಿದುದರಿಂದ ಊರೂರಿಗೆ ನಿಲ್ಲುವ ಬಂಡಿಗಳಿಗೆ ಹಳೆಯ ದಾರಿ ಉಳಿಯಿತು. ನಮ್ಮಲ್ಲಿಯಾದರೋ ಶೀಘ್ರ ಬಂಡಿಯೂ ಸಾಮಾನ್ಯ ಬಂಡಿಯೂ ಅವೇ ಎರಡು ಕಂಬಿದಾರಿಗಳನ್ನು ಹಂಚಿಕೊಳ್ಳಬೇಕು. ವೇಗದ ಬಂಡಿ ಮುಂದೆ ಹೋಗಬೇಕಾದರೆ ನಿಧಾನದ್ದು ಬದಿಗೆ ಸರಿದು ಕಾಯಬೇಕು. ಹೀಗೆ ಕಾಯುವವರು ನಡುವಣ ಊರಿನವರು.

ನನ್ನ ತರಗತಿಯಲ್ಲಿ ಮಳವಳ್ಳಿಯ ಕಡೆಯ ಒಬ್ಬ ಹುಡುಗಿ ಓದುತ್ತಿದ್ದಳು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣ ಕೊಡಬೇಕಾಗಿಲ್ಲದಿರುವುದರಿಂದಲೇ ತಾನು ಓದನ್ನು ಬಿಡದೆ ಮುಂದುವರಿಸಿದೆನೆಂದು ಹೇಳಿದಳು. ಸಂಜೆ ಆಕೆ ರೈಲಿನಿಂದ ಇಳಿದು ಬರುವಷ್ಟರಲ್ಲಿ ಊರಿನ ಬಸ್ಸು ಹೊರಟುಹೋಗಿರುತ್ತಿತ್ತು. ಮುಂದಿನದಕ್ಕೆ ಕಾದು ಮನೆ ಸೇರುವಾಗ ಕತ್ತಲು. ಅವಳಿಗೆ ಬೇಕಾದುದು ಇನ್ನೊಂದು ಹೆದ್ದಾರಿಯಲ್ಲ, ಇನ್ನೊಂದು ಶೀಘ್ರ ರೈಲೂ ಅಲ್ಲ. ಬಸ್ಸು ಹೊರಡುವುದು ಹತ್ತು ನಿಮಿಷ ತಡವಾಗಬೇಕು, ಅಷ್ಟೆ.

ಆದುದರಿಂದ ಮೂರು ಸಂಗತಿಗಳನ್ನು ಅರಿಕೆಮಾಡುತ್ತೇನೆ. ಮೊದಲನೆಯದು, ಮದ್ದೂರು ಮಂಡ್ಯಗಳಲ್ಲಿ ರೈಲಿನ ವೇಳೆಗೂ ಮಳವಳ್ಳಿಯ ಕಡೆಯ ಬಸ್ಸಿನ ವೇಳೆಗೂ ಹೊಂದಿಕೆ ಬರಬೇಕು. ಇದಕ್ಕೆ ಕೋಟಿಗಳು ಬೇಡ, ಎರಡು ಕಚೇರಿಗಳು ಒಟ್ಟಿಗೆ ಕುಳಿತರೆ ಸಾಕು. ಎರಡನೆಯದು, ಎಷ್ಟೇ ಶೀಘ್ರ ಬಂಡಿಗಳು ಬರಲಿ, ಬೆಳಗು ಸಂಜೆಗಳಲ್ಲಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಬಂಡಿಗಳಿಗೆ ಕಂಬಿಯ ಮೇಲೆ ಅವುಗಳ ಪಾಲು ತಪ್ಪಬಾರದು. ಊರೊಳಕ್ಕೆ ಬರುವ ಬಸ್ಸುಗಳೂ ಹಾಗೆಯೇ. ಮೂರನೆಯದು, ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ರೈಲುದಾರಿ 1996-97ರಲ್ಲಿ ಮಂಜೂರಾಯಿತು. ಕಾಲು ಶತಮಾನ ಕಳೆದರೂ ಮಳವಳ್ಳಿಯ ನೆಲದ ಮೇಲೆ ಕಂಬಿ ಕಾಣದು. ಅದನ್ನು ಮಾಡುವುದಾದರೆ ಮಾಡಬೇಕು. ಇಲ್ಲವಾದರೆ ಇಲ್ಲವೆಂದು ಜನರಿಗೆ ತಿಳಿಸಿ, ಬಸ್ಸಿನ ಏರ್ಪಾಟನ್ನಾದರೂ ಬಲಪಡಿಸಬೇಕು.

ದಾರಿಯ ಹಿರಿಮೆಯನ್ನು ಎರಡು ತುದಿಗಳ ನಡುವಣ ಗಂಟೆಗಳಿಂದ ಮಾತ್ರ ಅಳೆಯುವುದು ನಮಗೆ ಅಭ್ಯಾಸವಾಗಿದೆ. ಬೆಂಗಳೂರಿನವರೂ ಮೈಸೂರಿನವರೂ ಹೇಗಾದರೂ ತಲಪಿಯಾರು. ಮಳವಳ್ಳಿಯ ಆ ಹುಡುಗಿ ಹೊತ್ತು ಮುಳುಗುವ ಮುನ್ನ ಮನೆ ಸೇರಿದಳೆ ಎಂದು ಕೇಳಿ ನೋಡಿದರೆ, ನಮ್ಮ ದಾರಿಗಳ ನಿಜವಾದ ಅಳತೆ ತಿಳಿದೀತು.