ಗೂಡಿನಿಂದ ಗೋಡೆಗೆ: ಸುಣ್ಣದ ಬಿಸಿಯ ಲೆಕ್ಕ

ಸುಟ್ಟ ಸುಣ್ಣದ ಗಟ್ಟಿಗಳ ಮೇಲೆ ನೀರು ಸುರಿದರೆ ಮೊದಲಿಗೆ ಏನೂ ಆದಂತೆ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಗಟ್ಟಿಗಳು ಚಟಚಟನೆ ಬಿರಿಯುತ್ತವೆ, ಹಬೆ ಏಳುತ್ತದೆ, ನೀರು ಕೊತಕೊತ ಕುದಿಯತೊಡಗುತ್ತದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಕಾಲದಲ್ಲಿ ಇದು ಮನೆಯಂಗಳದಲ್ಲೇ ನಡೆಯುತ್ತಿತ್ತು. ಮಕ್ಕಳನ್ನು ಮಾತ್ರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಸಿಡಿದ ಸುಣ್ಣ ಬಿಸಿಯಿಂದಲೂ ಸುಡುತ್ತದೆ, ಕ್ಷಾರದಿಂದಲೂ ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು.

ಒಲೆಯಿಲ್ಲದೆ ಇಷ್ಟು ಬಿಸಿ ಬಂದದ್ದೆಲ್ಲಿಂದ? ಉತ್ತರ ಹುಡುಕಲು ಸುಣ್ಣದ ಗೂಡಿಗೇ ಹೋಗಬೇಕು.

ಗೂಡಿನಲ್ಲಿ ಸುಡುವುದು ಸುಣ್ಣದ ಕಲ್ಲನ್ನು, ಕರಾವಳಿಯಲ್ಲಾದರೆ ಚಿಪ್ಪನ್ನು. ಎರಡರಲ್ಲೂ ಇರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಶಾಖ 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿದಾಗ ಅದು ಒಡೆದು, ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಟುಹೋಗಿ, ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಸುಟ್ಟ ಸುಣ್ಣವೆಂದರೆ ಇದೇ. ಕಲ್ಲನ್ನು ಕಾಯಿಸುವ ಖರ್ಚು ಹಾಗಿರಲಿ, ಅದನ್ನು ಒಡೆಯುವುದಕ್ಕೆಂದೇ ಶಾಖ ಬೇಕು: ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 3,180 ಕಿಲೋಜೂಲ್. ಹೀಗೆ ಶಾಖವನ್ನು ಹೀರಿಕೊಂಡು ನಡೆಯುವ ಕ್ರಿಯೆಗಳನ್ನು ಅಂತರುಷ್ಣಕ ಎನ್ನುತ್ತಾರೆ.

ಹೀರಿದ ಶಾಖ ಏನಾಯಿತು? ಕಣಗಳನ್ನು ಹಿಡಿದಿಟ್ಟಿದ್ದ ಬಂಧಗಳನ್ನು ಬಿಡಿಸಲು ಖರ್ಚಾಯಿತು. ಬಂಧ ಮುರಿಯಲು ಯಾವಾಗಲೂ ಶಕ್ತಿ ತೆರಬೇಕು. ಬಂಧ ಕೂಡಿದಾಗ ಶಕ್ತಿ ಹೊರಬೀಳುತ್ತದೆ. ಸೌದೆಯೊಳಗಿನ ಬಂಧಗಳು ಮುರಿದಾಗ ಬೆಂಕಿ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ನಿಜಕ್ಕೂ ಅಲ್ಲಿನ ಕಾರ್ಬನ್, ಹೈಡ್ರೋಜನ್‌ಗಳು ಆಕ್ಸಿಜನ್ ಜೊತೆ ಹೊಸದಾಗಿ ಬೆಸೆದುಕೊಳ್ಳುವಾಗ ಸಿಗುವ ಶಕ್ತಿ, ಹಳೆಯ ಬಂಧಗಳನ್ನು ಮುರಿಯಲು ತೆತ್ತದ್ದಕ್ಕಿಂತ ಹೆಚ್ಚಾಗಿರುತ್ತದೆ. ಮಿಕ್ಕಿದ್ದು ಉರಿಯಾಗಿ ಕಾಣುತ್ತದೆ.

ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗಲೂ ಆಗುವುದು ಇದೇ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ರೂಪುಗೊಂಡು ಕಿಲೋಗೆ ಸುಮಾರು 1,160 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂದಿಷ್ಟೂ ಪೋಲಾಗದಿದ್ದರೆ ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಇದು ಬಹಿರುಷ್ಣಕ ಕ್ರಿಯೆ. ಡಬ್ಬಿಯ ತಳ ಒತ್ತಿದರೆ ತಾನಾಗಿ ಬಿಸಿಯಾಗುವ ಕೆಲವು ಕಾಫಿ ಡಬ್ಬಿಗಳಲ್ಲಿ ಅಡಗಿರುವುದೂ ಸುಟ್ಟ ಸುಣ್ಣ ಮತ್ತು ನೀರೇ.

ಆದರೆ ಗೂಡು ಕೊಟ್ಟದ್ದು 3,180. ಉಳಿದ 2,020 ಕಿಲೋಜೂಲ್ ಎಲ್ಲಿ? ಅದು ಗೋಡೆಯ ಪಾಲು. ಬಳಿದ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಆಗ ಬಿಡುಗಡೆಯಾಗುವ ಶಾಖ, ನೀರು ಕುದಿಸಿದ ಶಾಖದ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ತೆಳುವಾದ ಬಳಿತದಲ್ಲಿ ದಿನಗಟ್ಟಲೆ, ದಪ್ಪ ಗಾರೆಯಲ್ಲಿ ವರ್ಷಗಟ್ಟಲೆ ನಿಧಾನವಾಗಿ ಹೊರಬರುವುದರಿಂದ ಅದು ಕೈಗೆ ತಾಕುವುದಿಲ್ಲ. ಸಾಲದ ಒಂದು ಕಂತು ಅಂಗಳದಲ್ಲಿ ಗದ್ದಲದಿಂದ ತೀರಿದರೆ, ಅದಕ್ಕಿಂತ ದೊಡ್ಡ ಕಂತು ಗೋಡೆಯಲ್ಲಿ ಸದ್ದಿಲ್ಲದೆ ತೀರುತ್ತದೆ.

ಈ ಲೆಕ್ಕ ಸರಿಹೊಂದುವುದು ಆಕಸ್ಮಿಕವಲ್ಲ. ಜಿನೀವಾದಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಂಶೋಧನೆ ನಡೆಸಿದ ಜರ್ಮೇನ್ ಹೆಸ್, ಗಂಧಕಾಮ್ಲಕ್ಕೆ ಬೇರೆಬೇರೆ ಪ್ರಮಾಣದಲ್ಲಿ ನೀರು ಬೆರೆಸಿ, ಬಳಿಕ ಅಮೋನಿಯಾ ಸೇರಿಸಿ, ಎರಡೂ ಹಂತಗಳ ಶಾಖ ಅಳೆದರು. ಮೊದಲ ಹಂತದ ಶಾಖ ಹೆಚ್ಚಿದಷ್ಟೂ ಎರಡನೆಯದು ತಗ್ಗುತ್ತಿತ್ತು; ಮೊತ್ತ ಬದಲಾಗುತ್ತಿರಲಿಲ್ಲ. ಆರಂಭದ ಮತ್ತು ಕೊನೆಯ ವಸ್ತುಗಳು ಅವೇ ಆಗಿದ್ದರೆ, ಕ್ರಿಯೆ ಯಾವ ದಾರಿ ಹಿಡಿದರೂ ಒಟ್ಟು ಶಾಖ ಒಂದೇ. 1840ರಲ್ಲಿ ಅವರು ಪ್ರಕಟಿಸಿದ ಈ ನಿಯಮದಿಂದಾಗಿ, ನೇರವಾಗಿ ಅಳೆಯಲಾಗದ ಕ್ರಿಯೆಗಳ ಶಾಖವನ್ನೂ ಕೂಡಿ ಕಳೆದು ತಿಳಿಯಬಹುದು.

ಸುಣ್ಣದ ಈ ಗುಣ ಈಗ ವಿದ್ಯುತ್ ಕ್ಷೇತ್ರದವರ ಕಣ್ಣಿಗೂ ಬಿದ್ದಿದೆ. ಅರಳಿದ ಸುಣ್ಣವನ್ನು ಸುಮಾರು 500 ಡಿಗ್ರಿಗೆ ಕಾಯಿಸಿದರೆ ನೀರು ಬಿಟ್ಟುಕೊಟ್ಟು ಮತ್ತೆ ಆಕ್ಸೈಡ್ ಆಗುತ್ತದೆ. ತೇವ ತಾಗದಂತೆ ಇಟ್ಟರೆ ಬೇಕೆಂದಾಗ ನೀರು ಕೊಟ್ಟು ಶಾಖ ಪಡೆಯಬಹುದು. ಸ್ವೀಡನ್ನಿನ ಸಾಲ್ಟ್‌ಎಕ್ಸ್ ಮತ್ತು ವಾಟೆನ್‌ಫಾಲ್ ಕಂಪನಿಗಳು 2019ರಲ್ಲಿ ಬರ್ಲಿನ್‌ನ ಸ್ಥಾವರವೊಂದರಲ್ಲಿ ಇದನ್ನು ಪ್ರಯೋಗಿಸಿದವು. ಗಾಳಿ, ಬಿಸಿಲಿನ ವಿದ್ಯುತ್ತು ಹೆಚ್ಚಾದಾಗ ಸುಣ್ಣ ಕಾಯಿಸುವುದು, ನಗರಕ್ಕೆ ಬಿಸಿ ಬೇಕಾದಾಗ ಅದನ್ನು ಅರಳಿಸುವುದು ಅಲ್ಲಿನ ಯೋಚನೆ. ತೊಡಕೆಂದರೆ, ಸುಣ್ಣದ ಪುಡಿ ಮತ್ತೆಮತ್ತೆ ಕಾದು ಅರಳುವಾಗ ಹೆಂಟೆಗಟ್ಟುತ್ತದೆ. ಅದನ್ನು ತಡೆಯಲು ಕಣಗಳಿಗೆ ಅತಿ ಸೂಕ್ಷ್ಮ ಲೇಪನ ಕೊಡುವ ವಿಧಾನವನ್ನು ಸಾಲ್ಟ್‌ಎಕ್ಸ್ ರೂಪಿಸಿತು.