"ಯಾವ ಕಾಲಪಾ?"

ಬೇಸಿಗೆಯ ರಾತ್ರಿ ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಸದ್ದು ಒಟ್ಟಿಗೆ ಇರುತ್ತವೆ: ಮೇಲೆ ಫ್ಯಾನು, ಕಿಟಕಿಯಲ್ಲಿ ಕೂಲರು, ಎದುರಿಗೆ ಟಿ.ವಿ. ಹೋದ ವರ್ಷ ಒಂದು ರಾತ್ರಿ ಕಾಮಿಡಿ ಕಾರ್ಯಕ್ರಮ ನಡೆದಿತ್ತು. ನಾನು ಲಿಂಗಸುಗೂರಿನಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿದ್ದೆ. ಮಾತು ನಡುವೆಯೇ ನಿಂತಿತು. "ಅಕ್ಕನ ಕಾಲ್ ಕಟ್ಟಾತು" ಅಂದೆ. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅಜ್ಜಿ ಎದ್ದೇ ನಿಂತಳು.

"ಯಪ್ಪಾ ಶಿವನ, ಹೆಂಗಾತಪಾ? ಯಾವ ಕಾಲಪಾ?"

ಅಜ್ಜಿಗೆ ನಿಜ ತಿಳಿಸಿ, ನೀರು ಕುಡಿಸಿ ಕೂಡಿಸುವಷ್ಟರಲ್ಲಿ ಟಿ.ವಿ.ಯಲ್ಲಿ ಇಂಥದೇ ಮಾತಿಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಮನೆಯಲ್ಲಿ ಗಾಬರಿ ಹುಟ್ಟಿಸಿದ್ದು ವೇದಿಕೆಯ ಮೇಲೆ ನಗೆ ಹುಟ್ಟಿಸುತ್ತದೆ. ಎರಡರ ಹಿಂದೆಯೂ ಒಂದೇ ಯಂತ್ರ ಕೆಲಸ ಮಾಡುತ್ತದೆ. ಅದು ಹೇಗೆಂದು ಬಿಡಿಸಿ ನೋಡಿದರೆ, ತಪ್ಪು ಕೇಳಿಸಿಕೊಂಡವರನ್ನು ದಡ್ಡರೆನ್ನಲು ಯಾರಿಗೂ ಮನಸ್ಸಾಗದು.

ಮೊದಲು ಅಜ್ಜಿಯ ಕಾಲನ್ನೇ ತೆಗೆದುಕೊಳ್ಳೋಣ. ಕನ್ನಡದ 'ಕಾಲು' ಆಡುಮಾತಿನಲ್ಲಿ ಕೊನೆಯ ಉಕಾರ ಬಿಟ್ಟು 'ಕಾಲ್' ಆಗುತ್ತದೆ. ಇಂಗ್ಲಿಷಿನಿಂದ ಬಂದ ಪದ ಇದಕ್ಕೆ ತಿರುಗಾಮುರುಗ: ಬಸ್ಸು, ಕಾರು, ಫೋನು ಎಂದು ಉಕಾರ ಅಂಟಿಸಿಕೊಳ್ಳುತ್ತದೆ. ಹೀಗೆ ಇವೆರಡೂ ನಡುದಾರಿಯಲ್ಲಿ ಭೇಟಿಯಾಗುತ್ತವೆ. ಮೇಲಾಗಿ ಇಂಗ್ಲಿಷಿನ 'ಕಾಲ್' ಪದದ ಸ್ವರ ಆ ಮತ್ತು ಓ ನಡುವಿನದು. ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ, ಆ ಎಂದೇ ಬರೆಯುತ್ತೇವೆ, ಆ ಎಂದೇ ಆಡುತ್ತೇವೆ. ಹಾಲ್ ಟಿಕೆಟ್ಟಿನ ಹಾಲ್ ಮತ್ತು ಕುಡಿಯುವ ಹಾಲು, ಕರೆಂಟ್ ಬಿಲ್ ಮತ್ತು ಬಾಣ ಹೂಡುವ ಬಿಲ್ಲು, ಎಲ್ಲ ಇದೇ ಜಾತಿಯವು. ಅಂದಮೇಲೆ ಅಜ್ಜಿಯ ಕಿವಿ ಸರಿಯಾಗಿಯೇ ಕೇಳಿತ್ತು. ಎಂಬತ್ತು ವರ್ಷದ ಬದುಕಿನಲ್ಲಿ ಕಾಲು ಎಂದರೆ ಕಾಲೇ ಆಗಿತ್ತು, ಅಷ್ಟೇ.

ಹಾಸ್ಯ ಬರೆಯುವವರು ಬಂಡವಾಳ ಮಾಡಿಕೊಳ್ಳುವುದು ಇದನ್ನೇ. ಧ್ವನಿ ಹತ್ತಿರವಿರಬೇಕು, ಅರ್ಥ ದೂರವಿರಬೇಕು, ಆದರೆ ನಡೆಯುತ್ತಿರುವ ಸಂದರ್ಭದಲ್ಲಿ ಎರಡೂ ಅರ್ಥ ಹೊಂದಿಕೊಳ್ಳುವಂತಿರಬೇಕು. ಕೊನೆಯ ಷರತ್ತೇ ಕಷ್ಟದ್ದು. ಬ್ರಿಟನ್ನಿನ ಬಿಬಿಸಿಯಲ್ಲಿ 1976ರಲ್ಲಿ 'ದಿ ಟೂ ರಾನೀಸ್' ಜೋಡಿಯ ಒಂದು ಪ್ರಹಸನ ಬಂತು. ಹಾರ್ಡ್‌ವೇರ್ ಅಂಗಡಿಗೆ ಬಂದ ಗಿರಾಕಿ 'ಫೋರ್ಕ್ ಹ್ಯಾಂಡಲ್ಸ್' ಕೇಳುತ್ತಾನೆ, ಅಂದರೆ ಮಣ್ಣು ಮಗುಚುವ ಮುಳ್ಳುಗುದ್ದಲಿಯ ಹಿಡಿಕೆ. ಅಂಗಡಿಯವನಿಗೆ ಕೇಳಿಸುವುದು 'ಫೋರ್ ಕ್ಯಾಂಡಲ್ಸ್'. ಎಣಿಸಿ ನಾಲ್ಕು ಮೇಣದಬತ್ತಿ ತಂದಿಡುತ್ತಾನೆ. ಎರಡೂ ಅದೇ ಅಂಗಡಿಯಲ್ಲಿ ಸಿಗುವ ಸಾಮಾನು, ಹಾಗಾಗಿ ಅಂಗಡಿಯವನಿಗೆ ಅನುಮಾನವೇ ಬರುವುದಿಲ್ಲ. ಬರೆದವರು ಗಿರಾಕಿಯ ಪಾತ್ರ ಮಾಡಿದ ರಾನಿ ಬಾರ್ಕರ್, ಬೇರೆ ಹೆಸರಿನಲ್ಲಿ.

ಪ್ರಹಸನದ ಆ ನಗೆ ನಿಂತಿರುವುದು ಅಲ್ಲಿನ ಸಾಮಾನ್ಯ ಜನ ಪದದ ಮೊದಲ ಹಕಾರ ನುಂಗುತ್ತಾರೆಂಬ ಒಂದೇ ಸಂಗತಿಯ ಮೇಲೆ. ನಮ್ಮಲ್ಲಿ ಹಳೇ ಮೈಸೂರು ಕಡೆಯ ಆಡುಮಾತಿನಲ್ಲೂ ಹೀಗೇ: ಹಾಲು 'ಆಲು' ಆಗುತ್ತದೆ. ಹಾಲು ಕೇಳಿದವನಿಗೆ ಆಲೂಗಡ್ಡೆ ಕೊಡುವ ಹಾಸ್ಯ ಅಲ್ಲಿ ನಡೆಯುತ್ತದೆ. ಸಿಂಧನೂರಿನಲ್ಲಿ ನಡೆಯುವುದಿಲ್ಲ, ಏಕೆಂದರೆ ನಮ್ಮ ಕಡೆ ಹಕಾರ ಗಟ್ಟಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಬರೆದ ಕೆಲವು ಮಾತು ನಮ್ಮ ಪಡಸಾಲೆಯಲ್ಲಿ ನಗೆ ತರದೆ ಹೋಗುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕಿವಿಗೆ ಅದರದೇ ಆದ ನಿಯಮಗಳಿವೆ. ಮೊದಲನೆಯದು ಸ ಮತ್ತು ಶ. ಶಾಲೆ ನಮಗೆ ಸಾಲಿ, ಶನಿವಾರ ಸನಿವಾರ. ಹೊರಗಿನವರು ಇದನ್ನು ಒರಟು ಎನ್ನುವುದುಂಟು. ಅಂಥವರು ಒಮ್ಮೆ ಮಸ್ಕಿಗೆ ಬರಬೇಕು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿ ಬಂಡೆಯ ಮೇಲೆ ಗುರುತಿಸಿದ ಶಾಸನದಲ್ಲಿ ಚಕ್ರವರ್ತಿಯ ಹೆಸರು ಕೆತ್ತಿದೆ. ಅದುವರೆಗೆ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ 'ದೇವಾನಂಪಿಯ' ಎಂಬ ಬಿರುದಿತ್ತೇ ಹೊರತು ಹೆಸರಿರಲಿಲ್ಲ. ಇಲ್ಲಿ ಇರುವುದು 'ಅಸೋಕ' ಎಂದು, ಶಕಾರವಲ್ಲ, ಸಕಾರ. ಆ ಪ್ರಾಕೃತದಲ್ಲಿ ಶ, ಷ, ಸ ಮೂರೂ ಸೇರಿ ಒಂದೇ ಸ ಆಗಿದ್ದವು. ಎರಡು ಸಾವಿರ ವರ್ಷಕ್ಕೂ ಹಿಂದೆ ಸಮ್ರಾಟನ ಹೆಸರನ್ನೇ ಸಕಾರದಲ್ಲಿ ಬರೆದ ಸೀಮೆಯವರು ನಾವು. ನಮ್ಮ ಸನಿವಾರಕ್ಕೆ ನಾಚಿಕೆ ಪಡಬೇಕಾದ್ದೇನೂ ಇಲ್ಲ.

ನಾಚಿಕೆ ಹುಟ್ಟಿಸಿದಾಗಲೇ ತೊಂದರೆ ಶುರುವಾಗುವುದು. ಸಾಲಿಯಲ್ಲಿ ಮಾಸ್ತರರು ತಿದ್ದಿ ತಿದ್ದಿ, ಶ ಎಂಬುದು ಹೆಚ್ಚು 'ಶುದ್ಧ' ಎಂಬ ಭಾವನೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಬೇಡವಾದ ಕಡೆಯೂ ಅದು ಬರುತ್ತದೆ. ಬ್ಯಾಂಕೊಂದರಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಟೋಪಿ ಕೈಯಲ್ಲಿ ಹಿಡಿದು, ಬಹಳ ಜೋಪಾನವಾಗಿ ಕೇಳಿದರು: "ಸರ, ಒಂದು ಶೇವಿಂಗ್ ಖಾತಿ ತೆಗೀಬೇಕಾಗೇತ್ರಿ." ಕೌಂಟರಿನ ಹುಡುಗ ಮುಖ ತಿರುಗಿಸಿಕೊಂಡು ನಕ್ಕ. ಸೇವಿಂಗ್ ಎಂದರೆ ಉಳಿತಾಯ, ಶೇವಿಂಗ್ ಎಂದರೆ ಗಡ್ಡ ಬೋಳಿಸುವುದು ಎಂದು ಅವನಿಗೆ ಗೊತ್ತಿತ್ತು. ಆ ಹಿರಿಯರು ತಮ್ಮ ಸಹಜ ಸಕಾರದಲ್ಲೇ ಆಡಿದ್ದರೆ ಸರಿಯಾದ ಇಂಗ್ಲಿಷೇ ಬರುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಸೀಟ್-ಶೀಟ್, ಸೇಮ್-ಶೇಮ್, ಸೂಟ್-ಶೂಟ್ ಹಾಸ್ಯಗಳಲ್ಲಿ ಹಲವು ಹುಟ್ಟುವುದು ಈ ಅತಿ ಎಚ್ಚರಿಕೆಯಿಂದ.

ಎರಡನೆಯ ನಿಯಮ ಇನ್ನೂ ಸೊಗಸಾದದ್ದು. ಬೇಡ ನಮಗೆ ಬ್ಯಾಡ, ಮೇಲೆ ಮ್ಯಾಲ, ಬೇಳೆ ಬ್ಯಾಳಿ. ಆದರೆ ಬೇಕು ಬೇಕೇ, ಹೇಳು ಹೇಳೇ, ತೇರು ತೇರೇ. ಇದು ಮನಸ್ಸಿಗೆ ಬಂದಂತೆ ಆಡುವುದಲ್ಲ. ಮುಂದಿನ ಅಕ್ಷರದಲ್ಲಿ ಅ ಅಥವಾ ಎ ಸ್ವರವಿದ್ದರೆ ಏಕಾರ ಬಾಯಗಲಿಸಿ ಯಾ ಆಗುತ್ತದೆ, ಇ ಅಥವಾ ಉ ಇದ್ದರೆ ಕದಲುವುದಿಲ್ಲ. ಓಕಾರವೂ ಹಾಗೆಯೇ: ತೋಟ ತ್ವಾಟ, ಜೋಳ ಜ್ವಾಳ, ಆದರೆ ಕೋಳಿ ಕೋಳಿಯೇ. ಬ್ಯಾಳಿ ಎಂಬಲ್ಲಿ ಈಗ ಇಕಾರ ಕೇಳಿಸಿದರೂ ಅದು ಮೂಲದಲ್ಲಿ ಎಕಾರ. ಯಾರೂ ಕಲಿಸದ ಈ ವ್ಯಾಕರಣ ಮಸ್ಕಿಯ ಮೂರು ವರ್ಷದ ಕೂಸಿನ ಬಾಯಲ್ಲೂ ತಪ್ಪುವುದಿಲ್ಲ.

ಹೀಗೆ ಏ ಮತ್ತು ಯಾ ಒಂದೇ ಪದದ ಎರಡು ರೂಪವೆಂದು ಕೇಳಿ ಬೆಳೆದ ಕಿವಿಗೆ, ಇಂಗ್ಲಿಷಿನ ಸ್ನೇಕ್ಸ್ ಮತ್ತು ಸ್ನ್ಯಾಕ್ಸ್ ಬೇರೆ ಬೇರೆ ಎಂದು ಪ್ರಯತ್ನಪೂರ್ವಕ ನೆನಪಿಡಬೇಕಾಗುತ್ತದೆ. ಒಂದು ಹಾವು, ಒಂದು ಕುರುಕಲು ತಿಂಡಿ. ಪೇಂಟ್ ಗೋಡೆಗೆ, ಪ್ಯಾಂಟ್ ಮೈಗೆ. ಟೇಪ್ ಅಂಟಿಸುವುದು, ಟ್ಯಾಪ್ ನೀರು ಬಿಡುವುದು. ಪೇಂಟ್ ಪದದಂಥವನ್ನು ಬಿಟ್ಟರೆ ನೆನಪಿಗೆ ಸುಲಭ ದಾರಿ ಒಂದಿದೆ: ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ಉಚ್ಚರಿಸದ 'ಇ' ಅಕ್ಷರ ಕೂತಿದ್ದರೆ ಸಾಮಾನ್ಯವಾಗಿ ಏಕಾರ, ಇಲ್ಲದಿದ್ದರೆ ಯಾಕಾರ. ಟೇಪ್ ಪದದಲ್ಲಿ ಅದು ಇದೆ, ಟ್ಯಾಪ್ ಪದದಲ್ಲಿ ಇಲ್ಲ.

ಫಕಾರದ ವಿಷಯ ಬೇಗ ಮುಗಿಯುತ್ತದೆ. ಅಚ್ಚ ಕನ್ನಡದಲ್ಲಿ ಹಲ್ಲು-ತುಟಿ ತಾಗಿಸಿ ಆಡುವ ಫ ಇಲ್ಲ. ಹಾಗಾಗಿ ಕಾಫಿ 'ಕಾಪಿ'ಯಾಗಿ ಪರೀಕ್ಷೆಯ ಕಾಪಿಯೊಂದಿಗೆ ಬೆರೆಯುತ್ತದೆ. ಆದರೆ ಸಿಂಧನೂರಿನ ಓಣಿಯಲ್ಲಿ ಇದೂ ಒಂದೇ ತೆರನಾಗಿಲ್ಲ. ಉರ್ದು ಮನೆಮಾತಿನವರಿಗೆ ಇಂಗ್ಲಿಷಿನ ಫ ಮತ್ತು ಝೀರೋದ ಝ ಎರಡೂ ಹುಟ್ಟಿನಿಂದ ಬಂದವು. ಆರ್.ಎಚ್. ಕ್ಯಾಂಪುಗಳ, ಅಂದರೆ ಪುನರ್ವಸತಿ ಕ್ಯಾಂಪುಗಳ, ಬಂಗಾಳಿ ಕುಟುಂಬಗಳದು ಇನ್ನೊಂದು ಬಗೆ. ಬಂಗಾಳಿಯಲ್ಲಿ ಶ, ಷ, ಸ ಮೂರೂ ಬಹುಪಾಲು ಶ ಆಗಿ ಕೇಳುತ್ತವೆ, ನಮ್ಮದಕ್ಕೆ ಪೂರ್ತಿ ಉಲ್ಟಾ. ತುಂಗಭದ್ರಾ ಎಡದಂಡೆ ಕಾಲುವೆಯ ಬೆನ್ನಿಗೆ ಬಂದು ನೆಲೆಸಿದ ತೆಲುಗು ಕ್ಯಾಂಪಿನವರೂ ಇದ್ದಾರೆ. ಒಂದೇ ಇಂಗ್ಲಿಷ್ ಪದ ಒಂದೇ ಬಜಾರಿನಲ್ಲಿ ನಾಲ್ಕು ವೇಷದಲ್ಲಿ ಓಡಾಡುತ್ತದೆ, ಮತ್ತು ವ್ಯಾಪಾರ ನಿಲ್ಲದೆ ನಡೆಯುತ್ತದೆ. ಕಾಮಿಡಿ ಬರೆಯುವ ಹುಡುಗರು ಒಂದು ವಾರ ಇಲ್ಲಿನ ಚಾ ಅಂಗಡಿಯಲ್ಲಿ ಕೂತರೆ ಎಷ್ಟೋ ಕಲಿತು ಹೋಗುತ್ತಾರೆ.

ತಪ್ಪು ಕೇಳುವುದು ನಮಗೆ ಮಾತ್ರ ಅಂಟಿದ್ದೂ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಹೆಸರನ್ನು ಇಂಗ್ಲಿಷಿನಲ್ಲಿ ಇಂದಿಗೂ ಬರೆಯುವುದು 'ಯು' ಅಕ್ಷರ ಹಾಕಿ. ಇಂಗ್ಲಿಷರ ಕಿವಿಗೆ ನಮ್ಮ ಅಕಾರ 'ಬಟ್', 'ಕಟ್' ಪದಗಳ ಸ್ವರದಂತೆ ಕೇಳಿತು. ಈಗ ಹೊರಗಿನವರು ಅದನ್ನು ಓದಿ 'ಹುಟ್ಟಿ' ಎನ್ನುತ್ತಾರೆ.

ಇಷ್ಟೂ ಆಯಾ ಭಾಷೆಯ ಕಿವಿಯ ಮಾತಾಯಿತು. ಎಲ್ಲರ ಮಿದುಳೂ ಮಾಡುವ ಕೆಲಸ ಬೇರೆ ಇದೆ. 1970ರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರೆನ್ ಒಂದು ವಾಕ್ಯದ ಧ್ವನಿಮುದ್ರಣದಲ್ಲಿ ಒಂದು ಪದದ ನಡುವಿನ ಸಕಾರ ಕತ್ತರಿಸಿ, ಆ ಜಾಗಕ್ಕೆ ಕೆಮ್ಮಿನ ಸದ್ದು ಹಾಕಿ 20 ಜನರಿಗೆ ಕೇಳಿಸಿದರು. 19 ಜನ ಯಾವ ಧ್ವನಿಯೂ ಬಿಟ್ಟುಹೋಗಿಲ್ಲ ಎಂದರು. ಇಲ್ಲದ ಸಕಾರವನ್ನು ಮಿದುಳೇ ತುಂಬಿಕೊಂಡಿತ್ತು. 1976ರಲ್ಲಿ ಮೆಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಸಂಶೋಧಕರು ಇನ್ನೊಂದನ್ನು ತೋರಿಸಿದರು: ಕಿವಿಗೆ 'ಬ' ಕೇಳಿಸಿ ಕಣ್ಣಿಗೆ 'ಗ' ಎನ್ನುವ ತುಟಿ ತೋರಿಸಿದರೆ ಬಹಳ ಜನಕ್ಕೆ 'ದ' ಕೇಳುತ್ತದೆ. ಡಬ್ಬಿಂಗ್ ಸಿನಿಮಾ ನೋಡುವಾಗ ಮಾತು ಹಿಡಿಯದೆ ತಲೆ ಭಾರವಾಗುವುದಕ್ಕೆ ಇದೂ ಕಾರಣ. ತುಟಿ ಒಂದು ಹೇಳುತ್ತದೆ, ಧ್ವನಿ ಇನ್ನೊಂದು.

ಮಿದುಳು ತುಂಬಿಕೊಳ್ಳುವುದು ತನಗೆ ಗೊತ್ತಿರುವ ಪದಗಳಿಂದ. ಆದ್ದರಿಂದ ಗೊತ್ತಿರುವ ಪದಗಳೇ ಅದಲು ಬದಲಾಗುತ್ತವೆ. ವಾರಂಟಿ ಎಂದರೆ ಸಾಮಾನು ಕೆಟ್ಟರೆ ಕಂಪನಿ ಇಂತಿಷ್ಟು ಅವಧಿಯಲ್ಲಿ ರಿಪೇರಿ ಮಾಡಿಕೊಡುವ ಮಾತು, ವಾರಂಟ್ ಎಂದರೆ ಕೋರ್ಟಿನ ಆದೇಶ. ನಮ್ಮ ಕಿವಿಗೆ 'ಡಿಸೀಸ್ಡ್' ಎಂದು ಒಂದೇ ಬಗೆಯಾಗಿ ಕೇಳುವ ಧ್ವನಿಯ ಹಿಂದೆ ಇಂಗ್ಲಿಷಿನಲ್ಲಿ ಎರಡು ಪದಗಳಿವೆ, ಒಂದರ ಅರ್ಥ ರೋಗಗ್ರಸ್ತ, ಇನ್ನೊಂದರ ಅರ್ಥ ತೀರಿಕೊಂಡವರು. ವಾರಸಾ ಅರ್ಜಿ ತುಂಬುವಾಗ ಇದನ್ನು ನೋಡಿಕೊಳ್ಳಬೇಕು. ಕೇಳಿದ್ದು ಸರಿಯಿದ್ದರೂ ಅರ್ಥ ತಪ್ಪುವುದುಂಟು: ಆಸ್ಪತ್ರೆಯ ವರದಿಯಲ್ಲಿ 'ಪಾಸಿಟಿವ್' ಬಂದರೆ ಒಳ್ಳೆಯದಾಯಿತು ಎಂದಲ್ಲ, ಹುಡುಕುತ್ತಿದ್ದದ್ದು ಸಿಕ್ಕಿದೆ ಎಂದು.

ದುಡ್ಡಿನ ವಿಷಯದಲ್ಲಿ ಅತಿ ಅಪಾಯದ್ದು ಫಿಫ್ಟೀನ್ ಮತ್ತು ಫಿಫ್ಟಿ. ಇಂಗ್ಲಿಷರು ಒಂದರಲ್ಲಿ ಕೊನೆಗೆ, ಇನ್ನೊಂದರಲ್ಲಿ ಮೊದಲಿಗೆ ಒತ್ತು ಹಾಕಿ ಬೇರ್ಪಡಿಸುತ್ತಾರೆ. ಕನ್ನಡದಲ್ಲಿ ಅಂಥ ಒತ್ತು ಇಲ್ಲ, ನಮಗೆ ಉಳಿಯುವುದು ಕೊನೆಯ ಒಂದು ನಕಾರ. ಭತ್ತದ ದರ ಫೋನಿನಲ್ಲಿ ಕೇಳುವಾಗ 1,815 ಎಂಬುದು 1,850 ಎಂದು ಕೇಳಿಸಿದರೆ ಚೀಲಕ್ಕೆ 35 ರೂಪಾಯಿ, 200 ಚೀಲಕ್ಕೆ 7,000 ರೂಪಾಯಿ ವ್ಯತ್ಯಾಸ. ಹದಿನೈದು, ಐವತ್ತು ಎಂದರೆ ಯಾವ ಗದ್ದಲದಲ್ಲೂ ಗೊಂದಲವಿಲ್ಲ. ಅಂಕಿ ಕನ್ನಡದಲ್ಲೇ ಹೇಳಿ, ಎದುರಿನವರಿಂದ ತಿರುಗಿ ಹೇಳಿಸಿ. ಫೋನಿನದೂ ಇದರಲ್ಲಿ ಪಾಲಿದೆ: ಹಳೆಯ ಮಾದರಿಯ ಫೋನ್ ಕರೆ ಸಾಗಿಸುವುದು ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ ಧ್ವನಿ ಮಾತ್ರ. ಸಕಾರದ ಜೀವ ಬಹುಪಾಲು ಅದಕ್ಕೂ ಮೇಲಿದೆ. ಬ್ಯಾಂಕಿನವರು 'ಎಸ್' ಮತ್ತು 'ಎಫ್' ಬೇರೆ ಮಾಡಲು ಊರಿನ ಹೆಸರು ಸೇರಿಸಿ ಹೇಳುವುದು ಇದಕ್ಕೇ. 4ಜಿ ಕರೆಗಳು ಸುಮಾರು 7,000 ಹರ್ಟ್ಸ್‌ವರೆಗೆ ಸಾಗಿಸಬಲ್ಲವು, ಆದರೆ ಎರಡೂ ಬದಿಯಲ್ಲಿ ಆ ಸೌಲಭ್ಯ ಇರಬೇಕು.

ಟಿ.ವಿ.ಗೂ ಇದೇ ಲೆಕ್ಕ. ತೆಳ್ಳಗಿನ ಹೊಸ ಟಿ.ವಿ.ಗಳ ಸ್ಪೀಕರು ಹಲವು ಬಾರಿ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತದೆ, ಧ್ವನಿ ಗೋಡೆಗೆ ಬಡಿದು ನಮಗೆ ತಲುಪುತ್ತದೆ. ಅದರ ಮೇಲೆ ಕೂಲರಿನ ಸದ್ದು, ಕಾರ್ಯಕ್ರಮದ ಸಂಗೀತ, ಹಿಂದಿನ ಮಾತಿನ ನಗೆ ಮುಗಿಯುವ ಮೊದಲೇ ಬರುವ ಮುಂದಿನ ಮಾತು. ವಾಲ್ಯೂಮ್ ಏರಿಸಿದರೆ ಸಂಗೀತವೂ ಏರುತ್ತದೆ. ಬದಲಿಗೆ ಸೆಟ್ಟಿಂಗಿನಲ್ಲಿ ಬಾಸ್ ಇಳಿಸಿ, ಮಾತಿಗೆಂದೇ ಧ್ವನಿಯ ಆಯ್ಕೆ ಇದ್ದರೆ ಅದನ್ನು ಹಾಕಿ.

ಹಾಸ್ಯದ ಬಗ್ಗೆ ನನ್ನ ತೀರ್ಪು ಇಷ್ಟು. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ 'ಮೈಂಡ್ ಯುವರ್ ಲ್ಯಾಂಗ್ವೇಜ್' ಧಾರಾವಾಹಿ ಇಂಗ್ಲಿಷ್ ಕಲಿಯಲು ಬಂದ ಪರದೇಶಿಗಳ ತಪ್ಪುಗಳನ್ನೇ ನಗೆಯಾಗಿಸಿತು, ಭಾರತೀಯರೂ ಅದರಲ್ಲಿ ನಗೆಪಾಟಲಾದರು. ನಮ್ಮ ಕನ್ನಡ ಕಾಮಿಡಿಗಳಲ್ಲಿ ರಾಯಚೂರು ಕಡೆಯ ಮಾತನ್ನು ದಡ್ಡನ ಪಾತ್ರಕ್ಕೆ ಕಟ್ಟಿಹಾಕುವುದು ಅದೇ ದಾರಿ. ಅದಕ್ಕಿಂತ ಪಕ್ಕದ ಗಂಗಾವತಿಯ ಹಾಸ್ಯ ಭಾಷಣಕಾರ ಪ್ರಾಣೇಶರ ದಾರಿ ನನಗೆ ಹಿರಿದಾಗಿ ಕಾಣುತ್ತದೆ. ಅವರು ಇದೇ ಸೀಮೆಯ ಭಾಷೆಯಲ್ಲಿ ನಿಂತು ನಗಿಸುತ್ತಾರೆ, ಭಾಷೆಯನ್ನು ನಗೆಪಾಟಲು ಮಾಡುವುದಿಲ್ಲ. ಅವರು ಗುರುವೆಂದು ಭಾವಿಸುವ ಹಾಸ್ಯ ಸಾಹಿತಿ ಬೀಚಿ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೂ ಎರಡನೆಯದನ್ನು ಇಂಗ್ಲಿಷ್ ಲಿಪಿಯಲ್ಲೂ ಬರೆಯುತ್ತಿದ್ದರು. ಎರಡು ಭಾಷೆ ಒಂದೇ ಹೆಸರಲ್ಲಿ ಸಮನಾಗಿ ಕೂತಿದ್ದವು.

ಕೊನೆಗೆ ಅಜ್ಜಿಯ ವಯಸ್ಸಿನವರ ವಿಷಯ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಧ್ವನಿಗಳನ್ನು, ಅಂದರೆ ಸ, ಶ, ಫ, ತ ಮೊದಲಾದವನ್ನು. ಸ್ವರಗಳು ಉಳಿದಿರುತ್ತವೆ. ಅದಕ್ಕೇ ಹಿರಿಯರು "ದನಿ ಕೇಳತೈತಿ, ಮಾತು ತಿಳಿಯಂಗಿಲ್ಲ" ಎನ್ನುತ್ತಾರೆ. ನಾವು ಕೂಗಿ ಹೇಳುತ್ತೇವೆ, ಸ್ವರ ಮಾತ್ರ ದೊಡ್ಡದಾಗುತ್ತದೆ. ಮನೆಯಲ್ಲಿ ಮುಂಚೆ ಕಾಮಿಡಿ ನೋಡಿ ನಗುತ್ತಿದ್ದವರು ಈಚೆಗೆ ಸುಮ್ಮನೆ ಕೂತಿದ್ದರೆ, ಎಲ್ಲರೂ ನಕ್ಕ ಮೇಲೆ ಮುಖ ನೋಡಿ ನಗುತ್ತಿದ್ದರೆ, ಅದನ್ನು ವಯಸ್ಸಿನ ಮಂಕು ಎಂದು ಬಿಡಬೇಡಿ. ಎದುರಿಗೆ ಕೂತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ.