ಸಂದೇಶದ ಗುರುತನ್ನು ಓದುವ ಸಿ ಪ್ರೋಗ್ರಾಮುಗಳ ಪರಿಶೀಲನೆ

ವಿದ್ಯುನ್ಮಾನ ಅಂಚೆಯ ಪತ್ರಗಳ ತಲೆಬರಹದಲ್ಲಿ 'ಮೆಸೇಜ್-ಐಡಿ' ಎಂಬ ಗುರುತೊಂದು ಇರುವುದು ವಾಡಿಕೆ. 2008ರ ಆರ್‌ಎಫ್‌ಸಿ 5322 ಎಂಬ ನಿಯಮಾವಳಿಯಂತೆ ಅದರ ರೂಪವು <ಕ@ಗ> ಎಂಬುದಾಗಿದೆ. ಇಲ್ಲಿ 'ಕ' ಎಡಭಾಗಕ್ಕೂ 'ಗ' ಬಲಭಾಗಕ್ಕೂ ಸಂಕೇತಗಳು. ಒಂದು ಪತ್ರದ ಗುರುತು ಮತ್ತೊಂದಕ್ಕೆ ಇರಕೂಡದು. ಉತ್ತರವನ್ನು ಮೂಲಪತ್ರದೊಡನೆ ಜೋಡಿಸುವುದೂ, ಒಮ್ಮೆ ಬಂದ ಪತ್ರವು ಪುನಃ ಬಂದರೆ ಅದನ್ನು ಕೈಬಿಡುವುದೂ ಈ ಗುರುತಿನ ಬಲದಿಂದಲೇ. ಆದುದರಿಂದ ಎರಡು ಭಿನ್ನ ಗುರುತುಗಳನ್ನು ಒಂದೇ ಎಂದು ಬಗೆಯುವ ಪ್ರೋಗ್ರಾಂ, ಯಾರೂ ಓದದ ಪತ್ರವನ್ನು ಸದ್ದಿಲ್ಲದೆ ಕಳೆದುಬಿಡಬಲ್ಲುದು.

ಸಿ ಭಾಷೆಯಲ್ಲಿ ಅಕ್ಷರಮಾಲೆಯು ತನ್ನ ಉದ್ದವನ್ನು ತಾನೇ ಹೇಳುವುದಿಲ್ಲ. ಸೊನ್ನೆಯ ಬೈಟೊಂದು ಅದರ ಕೊನೆಯನ್ನು ಸೂಚಿಸುತ್ತದೆ. ಹೀಗಿರಲಾಗಿ ಪರಿಶೀಲಕನು ಮೊದಲು ಕೇಳಬೇಕಾದುದು, ಗುರುತು ಎಲ್ಲಿ ಮುಗಿಯಿತೆಂದು ಪ್ರೋಗ್ರಾಂ ಹೇಗೆ ನಿರ್ಣಯಿಸುತ್ತದೆ ಎಂಬುದನ್ನು. ಮುಚ್ಚುವ ಕೋನಾವರಣವು ಇಲ್ಲದಿದ್ದರೆ, ಮೇರೆಯಿಲ್ಲದ ಹುಡುಕಾಟವು ಪತ್ರದ ಸ್ಮೃತಿಭಾಗವನ್ನು ದಾಟಿ ಹೋಗುತ್ತದೆ.

ಎರಡನೆಯದು ಉದ್ದ. ಯೂಸ್‌ನೆಟ್ ಲೇಖನಗಳಿಗೆ ಸಂಬಂಧಿಸಿದ ಆರ್‌ಎಫ್‌ಸಿ 5536 (2009) ಈ ಗುರುತಿಗೆ 250 ಬೈಟುಗಳ ಮಿತಿಯನ್ನು ವಿಧಿಸಿದೆ. ಅದನ್ನು ಸಿ ಅಕ್ಷರಮಾಲೆಯಾಗಿ ಇಡಲು 251 ಬೈಟುಗಳು ಬೇಕು. ಅಂಚೆಯಲ್ಲಾದರೋ ಇಂತಹ ಪ್ರತ್ಯೇಕ ಮಿತಿಯಿಲ್ಲ. ಒಂದು ಸಾಲು 998 ಅಕ್ಷರಗಳನ್ನು ಮೀರಕೂಡದೆಂಬುದಷ್ಟೇ ನಿಯಮ. ಉದ್ದವಾದ ಗುರುತನ್ನು ಮೊಟಕುಗೊಳಿಸಿ ಇಟ್ಟರೆ, ಕೊನೆಯಲ್ಲಿ ಮಾತ್ರ ಭೇದವುಳ್ಳ ಎರಡು ಗುರುತುಗಳು ಒಂದಾಗಿಬಿಡುತ್ತವೆ. ಮೊಟಕುಗೊಳಿಸುವುದಕ್ಕಿಂತ ದೋಷವೆಂದು ಸಾರುವುದು ಲೇಸು.

ಮೂರನೆಯದು ಹೋಲಿಕೆ. ಆವರಣಗಳನ್ನು ಕಳಚಿದ ಮೇಲೆ, ಮೊದಲನೆಯ ಗುರುತಿನ ಉದ್ದದಷ್ಟನ್ನು ಮಾತ್ರ 'ಸ್ಟ್ರ್‌ಎನ್‌ಸಿಎಂಪಿ'ಯಿಂದ ಹೋಲಿಸಿದರೆ, ಕ@ಗ ಮತ್ತು ಕ@ಗಜ ಇವೆರಡೂ ಸಮವೆಂಬ ಉತ್ತರ ಬರುತ್ತದೆ. ಮೊದಲು ಉದ್ದಗಳನ್ನು, ಅವು ಸಮವಾದರೆ ಬೈಟುಗಳನ್ನು ಹೋಲಿಸುವುದೇ ಸರಿಯಾದ ಕ್ರಮ. ಬಲಭಾಗದಲ್ಲಿ ಇಂಗ್ಲಿಷಿನ ದೊಡ್ಡ-ಚಿಕ್ಕ ಅಕ್ಷರಗಳ ಭೇದವನ್ನು ಕೆಲವು ಪ್ರೋಗ್ರಾಮುಗಳು ಎಣಿಸುತ್ತವೆ, ಕೆಲವು ಎಣಿಸುವುದಿಲ್ಲ. ಆದಕಾರಣ ಆ ಭೇದವೊಂದರಿಂದಲೇ ಬೇರೆಯಾಗುವ ಗುರುತುಗಳನ್ನು ಸೃಷ್ಟಿಸಬಾರದೆಂದು ಆರ್‌ಎಫ್‌ಸಿ 5536 ಆಜ್ಞಾಪಿಸಿದೆ. ಅಕ್ಷರಗಳನ್ನು 'ಟುಲೋವರ್' ಕ್ರಿಯೆಯಿಂದ ಬದಲಾಯಿಸುವಲ್ಲಿ, ಚಿಹ್ನಾರಹಿತ ಬೈಟಿನ ಬೆಲೆಯನ್ನೇ ಅದಕ್ಕೆ ಒಪ್ಪಿಸಬೇಕು. ಋಣಬೆಲೆಯನ್ನು ಒಪ್ಪಿಸಿದರೆ ಫಲವು ಅನಿಶ್ಚಿತ.

ಇವೆಲ್ಲವುಗಳಿಂದ ಹೊರಡುವ ತತ್ತ್ವ ಒಂದೇ: ಸಂದೇಹವಿದ್ದಲ್ಲಿ ಗುರುತುಗಳನ್ನು ಭಿನ್ನವೆಂದೇ ತಿಳಿಯಬೇಕು. ಒಂದೇ ಪತ್ರ ಎರಡು ಸಲ ಕಾಣಿಸಿಕೊಂಡರೆ ಓದುವವನಿಗೆ ತುಸು ಬೇಸರವಾದೀತು. ಬೇರೆ ಪತ್ರವನ್ನು ಅದೇ ಎಂದು ಎಸೆದರೆ, ಕಳೆದುಹೋದುದೇನೆಂಬುದೇ ಅವನಿಗೆ ತಿಳಿಯಲಾರದು.